ಕುಲುಮೆಯಿಂದ ರೇಸ್ ಟ್ರ್ಯಾಕಿಗೆ: ಸೊಯಿಚಿರೊ ಹೋಂಡಾ

ಕೊಕ್ಕಡದಲ್ಲಿ ನನ್ನ ಮಾಮನದ್ದೊಂದು ಸಣ್ಣ ಗ್ಯಾರೇಜ್ ಇದೆ. ಪೆರಿಯಶಾಂತಿಯಿಂದ ಧರ್ಮಸ್ಥಳದ ಕಡೆಗೆ ಹೋಗುವವರ ಗಾಡಿ ದಾರಿಯಲ್ಲಿ ಕೆಟ್ಟರೆ ಹೆಚ್ಚಾಗಿ ಅಲ್ಲಿಗೇ ಬರುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ನಾನು ಅಲ್ಲಿ ಸ್ಪ್ಯಾನರ್ ಎತ್ತಿಕೊಡುವ ಕೆಲಸಕ್ಕೆ ನಿಂತಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ನನಗೆ ಎಲ್ಲವೂ ಗೊತ್ತಾಯಿತು ಎಂಬ ಅಹಂಕಾರ ಬಂತು. ಒಂದು ದಿನ ಬಾಪನ ಬೈಕಿನ ಸೈಲೆನ್ಸರ್ ಮೇಲಿದ್ದ ತಗಡಿನ ಗಾರ್ಡನ್ನು ಕಳಚಿ ಬದಿಗಿಟ್ಟೆ. ಅದು ಇಲ್ಲದಿದ್ದರೆ ಬೈಕು ರೇಸ್ ಬೈಕಿನಂತೆ ಕಾಣುತ್ತದೆ ಎಂಬುದಷ್ಟೇ ಕಾರಣ. ಮರುದಿನ ಬಾಪನ ಹಿಂದೆ ಕುಳಿತು ಮದ್ರಸಕ್ಕೆ ಹೋದ ನನ್ನ ತಮ್ಮ ಬೈಕಿನಿಂದ ಇಳಿಯುವಾಗ ಕಾಲು ಸೈಲೆನ್ಸರಿಗೆ ತಾಗಿಸಿಕೊಂಡ. ಅಂಗೈಯಷ್ಟು ಅಗಲಕ್ಕೆ ಚರ್ಮ ಸುಟ್ಟಿತು. ಆ ಕಲೆ ಈಗಲೂ ಅವನ ಕಾಲಿನಲ್ಲಿದೆ.

ಮಾಮ ನನ್ನನ್ನು ಬೈಯಲಿಲ್ಲ. ಆ ದಿನ ಗ್ಯಾರೇಜಿನಲ್ಲಿ ಒಂದು ಹಳೆಯ ಹೋಂಡಾ ಸಿಟಿ ಕಾರು ನಿಂತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರಿನ ಒಬ್ಬರದ್ದು. ಅವರು ವರ್ಷಕ್ಕೆ ಒಂದೆರಡು ಬಾರಿ ಆ ಕಾರನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಓಡಿಸುತ್ತಾರೆ, ಉಳಿದ ದಿನ ಅದೇ ಕಾರಿನಲ್ಲಿ ಮನೆಗೆ ಬರುತ್ತಾರೆ. ಮಾಮ ಅದರ ಮುಂದಿನ ಲಾಂಛನ ತೋರಿಸಿ, ಇದು ಒಬ್ಬ ಮನುಷ್ಯನ ಹೆಸರು, ಸ್ಪ್ಯಾನರ್ ಮುಟ್ಟುವ ಮೊದಲು ಅವನ ಬಗ್ಗೆ ಓದು ಎಂದರು. ಹಾಗೆ ಓದಲು ಶುರು ಮಾಡಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೊಯಿಚಿರೊ ಹೋಂಡಾ ಹುಟ್ಟಿದ್ದು 1906ರ ನವೆಂಬರ್ 17ರಂದು, ಜಪಾನಿನ ಶಿಜುವೊಕಾ ಪ್ರಾಂತ್ಯದ ಕೊಮ್ಯೊ ಎಂಬ ಹಳ್ಳಿಯಲ್ಲಿ. ತಂದೆ ಗಿಹೇ ಕಮ್ಮಾರ, ಆಮೇಲೆ ಸೈಕಲ್ ರಿಪೇರಿಯನ್ನೂ ಮಾಡತೊಡಗಿದರು. ತಾಯಿ ಮಿಕಾ ನೇಯ್ಗೆ ಕೆಲಸ ಬಲ್ಲವರು. ಹುಡುಗನಾಗಿದ್ದಾಗ ಹಳ್ಳಿಗೆ ಮೊದಲ ಬಾರಿ ಒಂದು ಮೋಟಾರು ಕಾರು ಬಂತು. ಅವನು ಅದರ ಹಿಂದೆ ಓಡಿದ, ನೆಲಕ್ಕೆ ಬಿದ್ದ ಎಣ್ಣೆಯನ್ನು ಮೂಸಿ ನೋಡಿದ. ಶಾಲೆಯ ಪಾಠದಲ್ಲಿ ಅವನೇನೂ ಮುಂದಿರಲಿಲ್ಲ. ಕೈಗೆ ಎಣ್ಣೆ ಮೆತ್ತಿಕೊಳ್ಳುವುದೆಂದರೆ ಮಾತ್ರ ಎಲ್ಲಿಲ್ಲದ ಖುಷಿ.

1922ರಲ್ಲಿ, ನಮಗಿಂತಲೂ ಸಣ್ಣ ವಯಸ್ಸಿನಲ್ಲಿ, ಟೋಕಿಯೊದ ಆರ್ಟ್ ಶೋಕಾಯ್ ಎಂಬ ಕಾರು ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಸೇರಿದ. ಮೊದಲ ತಿಂಗಳುಗಳಲ್ಲಿ ಅವನಿಗೆ ಸಿಕ್ಕ ಕೆಲಸ ಮಾಲೀಕರ ಮಗುವನ್ನು ನೋಡಿಕೊಳ್ಳುವುದು ಮತ್ತು ಅಂಗಡಿ ಗುಡಿಸುವುದು. ಎಷ್ಟೋ ಸಲ ಊರಿಗೆ ಓಡಿಹೋಗಬೇಕು ಎನಿಸಿದರೂ ತಡೆದುಕೊಂಡ. 1923ರ ಸೆಪ್ಟೆಂಬರ್ 1ರಂದು ಟೋಕಿಯೊದಲ್ಲಿ ಭಾರೀ ಭೂಕಂಪವಾಗಿ ಊರಿಗೆ ಬೆಂಕಿ ಬಿತ್ತು. ಅಂಗಡಿಯೂ ಸುಟ್ಟುಹೋಯಿತು. ಕೆಲಸದವರು ಹಲವರು ಊರಿಗೆ ಮರಳಿದರು. ಹೋಂಡಾ ಅಲ್ಲೇ ಉಳಿದ, ಬೆಂಕಿಯಲ್ಲಿ ಕೆಟ್ಟ ಕಾರುಗಳನ್ನು ಬಿಚ್ಚಿ ಜೋಡಿಸುತ್ತಲೇ ನಿಜವಾದ ಮೆಕ್ಯಾನಿಕ್ ಆದ.

ಮಾಲೀಕ ಯೂಜೊ ಸಕಾಕಿಬಾರಾ ಅವರಿಗೆ ರೇಸಿನ ಹುಚ್ಚು. ಅವರು ಮತ್ತು ಹುಡುಗರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ರೇಸ್ ಕಾರು ಕಟ್ಟಲು ಕುಳಿತರು. ಹೊಸ ಇಂಜಿನ್ ಕೊಳ್ಳುವಷ್ಟು ಹಣವಿರಲಿಲ್ಲ. ಅಮೆರಿಕದ ಕರ್ಟಿಸ್ ಕಂಪೆನಿಯ ಹಳೆಯ ವಿಮಾನದ ಇಂಜಿನ್ ತಂದರು. ಅಮೆರಿಕದ್ದೇ ಆದ ಮಿಚೆಲ್ ಎಂಬ ಕಾರಿನ ಚಾಸಿಗೆ ಅದನ್ನು ಕೂರಿಸಿದರು. ಆಗ ಕಾರಿನ ಚಕ್ರದ ಕಡ್ಡಿಗಳು ಮರದ್ದು. ಅವನ್ನು ಕೆತ್ತುವ ಕೆಲಸ ಹೋಂಡಾನದ್ದು. 1924ರ ನವೆಂಬರ್ 23ರಂದು ಆ ಕಾರು ರೇಸಿನಲ್ಲಿ ಗೆದ್ದಿತು. ಓಡಿಸಿದವರು ಮಾಲೀಕರ ತಮ್ಮ ಶಿನ್‌ಇಚಿ. ಅವರ ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಕುಳಿತವನು ಅದೇ ತಿಂಗಳು 18 ತುಂಬಿದ ಹೋಂಡಾ. ಆ ಕಾರು ಇಂದಿಗೂ ಜಪಾನಿನ ಮೊತೆಗಿಯಲ್ಲಿರುವ ಹೋಂಡಾ ಸಂಗ್ರಹಾಲಯದಲ್ಲಿದೆ.

1928ರಲ್ಲಿ ಮಾಲೀಕರು ಅವನಿಗೆ ತಮ್ಮ ಅಂಗಡಿಯ ಹೆಸರನ್ನೇ ಕೊಟ್ಟು ಹಮಾಮತ್ಸು ಎಂಬ ಊರಿನಲ್ಲಿ ಶಾಖೆ ತೆರೆಸಿದರು. ಅಲ್ಲಿ ಅವನು ಮರದ ಕಡ್ಡಿಗಳ ಬದಲು ಎರಕದ ಕಬ್ಬಿಣದ ಕಡ್ಡಿಗಳನ್ನು ಮಾಡಿ ಪೇಟೆಂಟ್ ಪಡೆದ. ದುಡ್ಡು, ಹೆಸರು ಎರಡೂ ಬಂತು. ಫೋರ್ಡ್ ಇಂಜಿನ್ ಇಟ್ಟು ತನ್ನದೇ ಒಂದು ರೇಸ್ ಕಾರು ಕಟ್ಟಿಕೊಂಡ. 1936ರ ಜೂನ್ 7ರಂದು ಟೋಕಿಯೊ ಬಳಿ ಹೊಸದಾಗಿ ಕಟ್ಟಿದ ತಾಮಾಗಾವಾ ಟ್ರ್ಯಾಕಿನ ಮೊದಲ ರೇಸಿಗೆ ಅದನ್ನು ತಾನೇ ಓಡಿಸಿದ. ಪಕ್ಕದ ಸೀಟಿನಲ್ಲಿ ತಮ್ಮ ಬೆಂಜಿರೊ. ರೇಸಿನ ನಡುವೆ ಇನ್ನೊಂದು ಕಾರು ಅಡ್ಡ ಬಂತು, ಹೋಂಡಾನ ಕಾರು ಡಿಕ್ಕಿಯಾಗಿ ಪಲ್ಟಿಯಾಯಿತು. ಅಣ್ಣನಿಗೆ ಅಷ್ಟೇನೂ ಪೆಟ್ಟಾಗಲಿಲ್ಲ. ತಮ್ಮನ ಬೆನ್ನುಮೂಳೆ ಮುರಿಯಿತು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನನ್ನ ತಮ್ಮನ ಕಾಲಿನ ಗಾಯಕ್ಕೂ ಆ ಅಪಘಾತಕ್ಕೂ ಹೋಲಿಕೆಯೇ ಇಲ್ಲ ಎಂದು ಗೊತ್ತು. ಆದರೂ ಅಣ್ಣನ ಹುಚ್ಚಿಗೆ ತಮ್ಮ ನೋವು ತಿನ್ನುವುದು ಹೇಗಿರುತ್ತದೆ ಎಂಬುದು ನನಗೆ ಸ್ವಲ್ಪವಾದರೂ ಅರ್ಥವಾಗಿತ್ತು.

ಮುಂದಿನ ಭಾಗವೇ ನನಗೆ ಹೆಚ್ಚು ಇಷ್ಟವಾದದ್ದು. ಹೋಂಡಾ ರಿಪೇರಿ ಬಿಟ್ಟು ಪಿಸ್ಟನ್ ರಿಂಗ್ ತಯಾರಿಸಲು ಹೊರಟರು. ಇಂಜಿನ್ ಒಳಗೆ ಪಿಸ್ಟನ್ ಸುತ್ತ ಕೂರುವ ಈ ಉಂಗುರ ನೋಡಲು ಬಳೆಯಂತಿರುತ್ತದೆ. ಕಮ್ಮಾರನ ಮಗನಿಗೆ ಇದೇನು ದೊಡ್ಡದು ಎಂದುಕೊಂಡಿದ್ದರು. ಆದರೆ ಮಾಡಿದ ರಿಂಗುಗಳೆಲ್ಲ ಕಲ್ಲಿನಂತೆ ಗಟ್ಟಿಯಾಗಿ ಪ್ರಯೋಜನಕ್ಕೆ ಬಾರದಾದವು. ಕೊನೆಗೆ ಹಮಾಮತ್ಸುವಿನ ತಾಂತ್ರಿಕ ಶಾಲೆಯ ಅಧ್ಯಾಪಕರ ಬಳಿ ಕೊಂಡುಹೋದಾಗ ಲೋಹದಲ್ಲಿ ಸಿಲಿಕಾನ್ ಕಡಿಮೆ ಎಂದು ತಿಳಿಯಿತು. ಸಿಲಿಕಾನ್ ಎಂದರೇನು ಎಂದೇ ಅವರಿಗೆ ಗೊತ್ತಿರಲಿಲ್ಲ. ಮೂವತ್ತು ದಾಟಿದ, ಊರಿನಲ್ಲಿ ಹೆಸರಿದ್ದ ಆ ಮನುಷ್ಯ ಅದೇ ಶಾಲೆಗೆ ಸೇರಿ ಹುಡುಗರ ನಡುವೆ ಬೆಂಚಿನಲ್ಲಿ ಕುಳಿತು ಲೋಹಶಾಸ್ತ್ರ ಕಲಿತರು. ಹಗಲು ಪಾಠ, ರಾತ್ರಿ ಕಾರ್ಖಾನೆ. ಪರೀಕ್ಷೆ ಬರೆಯದ ಕಾರಣ ಸರ್ಟಿಫಿಕೇಟ್ ಸಿಗಲಿಲ್ಲ. (ಇದನ್ನು ನಮ್ಮ ಲೆಕ್ಚರರ್‌ಗಳಿಗೆ ನೆಪವಾಗಿ ಹೇಳಬೇಡಿ!) ಟೊಯೊಟಾ ಕಂಪೆನಿಗೆ ಪರೀಕ್ಷೆಗೆಂದು ಕೊಟ್ಟ 50 ರಿಂಗುಗಳಲ್ಲಿ ಪಾಸಾದದ್ದು 3 ಮಾತ್ರ. ಮತ್ತೆ ಕಲಿತು, ಮತ್ತೆ ಮಾಡಿ, ಕೊನೆಗೆ ಅದೇ ಕಂಪೆನಿಗೆ ರಿಂಗ್ ಪೂರೈಸುವವರಾದರು.

ಯುದ್ಧದಲ್ಲಿ ಬಾಂಬ್ ದಾಳಿ, 1945ರಲ್ಲಿ ಇನ್ನೊಂದು ಭೂಕಂಪ, ಎರಡೂ ಸೇರಿ ಕಾರ್ಖಾನೆಗಳು ಹಾಳಾದವು. ಉಳಿದದ್ದನ್ನು ಟೊಯೊಟಾಗೆ ಮಾರಿದರು. 1946ರಲ್ಲಿ ಸೈನ್ಯ ಬಿಟ್ಟುಹೋದ ವೈರ್‌ಲೆಸ್ ಜನರೇಟರಿನ ಸಣ್ಣ ಇಂಜಿನ್‌ಗಳನ್ನು ಸೈಕಲ್ಲಿಗೆ ಕಟ್ಟಿ ಮಾರಿದರು. 1948ರಲ್ಲಿ ಹೋಂಡಾ ಮೋಟಾರ್ ಕಂಪೆನಿ ಹುಟ್ಟಿತು. ಮರುವರ್ಷ ಟಾಕೆಯೊ ಫುಜಿಸಾವಾ ಜೊತೆಗೂಡಿದರು. ಲೆಕ್ಕಪತ್ರ, ಮಾರಾಟ ಅವರದ್ದು, ಇಂಜಿನ್ ಇವರದ್ದು.

1954ರಲ್ಲಿ ಹೋಂಡಾ ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಬೈಕ್ ರೇಸಿಗೆ ತಮ್ಮ ಕಂಪೆನಿ ಇಳಿಯುತ್ತದೆ ಎಂದು ಘೋಷಿಸಿ, ನೋಡಲು ಹೋದರು. ಯುರೋಪಿನ ಬೈಕುಗಳ ಶಕ್ತಿ ಕಂಡು ದಂಗಾದರು. ಬರುವಾಗ ಕಾರ್ಬ್ಯುರೇಟರ್, ಚೈನು, ಟಯರುಗಳನ್ನು ಹೊತ್ತು ತಂದು ಒಂದೊಂದನ್ನೂ ಬಿಚ್ಚಿ ಅಭ್ಯಾಸ ಮಾಡಿಸಿದರು. ಮೊದಲ ಬಾರಿ ಸ್ಪರ್ಧಿಸಿದ್ದು ಐದು ವರ್ಷದ ಬಳಿಕ, 1959ರಲ್ಲಿ. 125 ಸಿಸಿ ವಿಭಾಗದಲ್ಲಿ ಆರನೇ ಸ್ಥಾನ ಸಿಕ್ಕಿತು. 1961ರಲ್ಲಿ 125 ಮತ್ತು 250 ಸಿಸಿ ಎರಡರಲ್ಲೂ ಮೊದಲ ಐದು ಸ್ಥಾನ ಹೋಂಡಾ ಬೈಕುಗಳಿಗೇ. 1962ರಲ್ಲಿ ಸುಜುಕಾ ಟ್ರ್ಯಾಕ್ ಕಟ್ಟಿಸಿದರು. 1964ರಲ್ಲಿ ಫಾರ್ಮುಲಾ ಒನ್ ಪ್ರವೇಶ, 1965ರ ಅಕ್ಟೋಬರ್ 24ರಂದು ಮೆಕ್ಸಿಕೊದಲ್ಲಿ ರಿಚಿ ಗಿಂಥರ್ ಓಡಿಸಿದ ಕಾರಿಗೆ ಮೊದಲ ಗೆಲುವು. ಅದೇ ಕಾಲದಲ್ಲಿ ರಸ್ತೆಗೆಂದು ಬಂದ ಎಸ್600 ಎಂಬ ಪುಟ್ಟ ಕಾರಿನ 606 ಸಿಸಿ ಇಂಜಿನ್ ನಿಮಿಷಕ್ಕೆ 8,500 ಸುತ್ತು ತಿರುಗುತ್ತಿತ್ತು. ಟ್ರ್ಯಾಕಿನಲ್ಲಿ ಕಲಿತದ್ದು ರಸ್ತೆಗೆ ಇಳಿಯುವುದು ಹೀಗೆ.

ಗೆದ್ದವರ ಕತೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಹೋಂಡಾ ಅವರ ಕತೆಯಲ್ಲಿ ಕಹಿಯಾದದ್ದು ಇನ್ನೂ ಇದೆ. ಇಂಜಿನನ್ನು ನೀರಿನಿಂದ ತಂಪು ಮಾಡಬೇಕಿಲ್ಲ, ಗಾಳಿಯೇ ಸಾಕು ಎಂಬುದು ಅವರ ಹಟವಾಗಿತ್ತು. ಗಾಳಿಯಿಂದ ತಂಪಾಗುವ ಆರ್‌ಎ302 ಎಂಬ ರೇಸ್ ಕಾರನ್ನು ಪರೀಕ್ಷಿಸಿದ ಜಾನ್ ಸರ್ಟೀಸ್ ಅದು ಇನ್ನೂ ತಯಾರಾಗಿಲ್ಲ ಎಂದಿದ್ದರು. ಆದರೂ 1968ರ ಜುಲೈ 7ರಂದು ಫ್ರಾನ್ಸಿನ ರುವಾನ್‌ನಲ್ಲಿ ಅದು ಸ್ಪರ್ಧೆಗಿಳಿಯಿತು. ರೇಸ್ ಶುರುವಾದ ಸ್ವಲ್ಪವೇ ಹೊತ್ತಿನಲ್ಲಿ ಕಾರು ಅಪಘಾತಕ್ಕೀಡಾಗಿ ಹೊತ್ತಿ ಉರಿಯಿತು. ಚಾಲಕ ಜೋ ಶ್ಲೆಸರ್ ತೀರಿಕೊಂಡರು. ಆ ವರ್ಷದ ಕೊನೆಗೆ ಕಂಪೆನಿ ಫಾರ್ಮುಲಾ ಒನ್‌ನಿಂದ ಹಿಂದೆ ಸರಿಯಿತು.

ಆಮೇಲೂ ಹಟ ಕೂಡಲೇ ಹೋಗಲಿಲ್ಲ. ರಸ್ತೆಯ ಕಾರಿನ ಹೊಗೆ ಕಡಿಮೆ ಮಾಡಬೇಕಾದರೆ ನೀರಿನಿಂದ ತಂಪಾಗುವ ಇಂಜಿನ್ನೇ ಬೇಕು ಎಂದು ಕಂಪೆನಿಯ ಯುವ ಇಂಜಿನಿಯರುಗಳು ವಾದಿಸಿದರು. ಫುಜಿಸಾವಾ ಅವರ ಪರವಾಗಿ ಮಾತಾಡಿದರು. ಕೊನೆಗೆ ಹೋಂಡಾ ಒಪ್ಪಿದರು. ಆ ದಾರಿಯಲ್ಲೇ 1972ರಲ್ಲಿ ಸಿವಿಕ್ ಕಾರು ಬಂತು, ಸಿವಿಸಿಸಿ ಎಂಬ ಇಂಜಿನ್ ಬಂತು. ಅಮೆರಿಕದ ಕಠಿಣ ಹೊಗೆ ನಿಯಮವನ್ನು ಆ ಇಂಜಿನ್ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಪೂರೈಸಿತು. 1973ರಲ್ಲಿ ಹೋಂಡಾ ಮತ್ತು ಫುಜಿಸಾವಾ ಒಟ್ಟಿಗೆ ನಿವೃತ್ತರಾದರು. 1991ರ ಆಗಸ್ಟ್ 5ರಂದು ಹೋಂಡಾ ತೀರಿಕೊಂಡರು. ಕಾರು ಮಾಡಿದವನ ಅಂತ್ಯಕ್ರಿಯೆಯಿಂದ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಆಗಬಾರದು ಎಂದು ದೊಡ್ಡ ಸಮಾರಂಭ ಬೇಡವೆಂದಿದ್ದರಂತೆ. ಅವರ ಹೆಸರು ಹೊತ್ತ ಸ್ಕೂಟರುಗಳು ಈಗ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ತಯಾರಾಗುತ್ತವೆ.

ಓದಿ ಮುಗಿಸಿ ಮತ್ತೆ ಗ್ಯಾರೇಜಿಗೆ ಹೋದೆ. ಆ ಹಳೆಯ ಸಿಟಿ ಕಾರನ್ನು ಮಾಮ ಟ್ರ್ಯಾಕಿಗೆ ತಯಾರು ಮಾಡುತ್ತಿದ್ದರು. ಇಂಜಿನ್‌ನ ಶಕ್ತಿ ಹೆಚ್ಚಿಸುವ ಕೆಲಸ ಇರಬಹುದು ಎಂದುಕೊಂಡಿದ್ದೆ. ಅವರು ಮೊದಲು ಬಿಚ್ಚಿದ್ದು ಬ್ರೇಕ್. ನಾವು ಫಿಸಿಕ್ಸ್‌ನಲ್ಲಿ ಓದಿದ್ದೇವೆ, ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಬದಲಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಹಳತಾಗಿದ್ದರೆ ಬೇಗ ಕುದಿಯುತ್ತದೆ, ಒಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ತಳಕ್ಕೆ ಹೋಗಿ ಕಾರು ನಿಲ್ಲುವುದೇ ಇಲ್ಲ. ಅದಕ್ಕೇ ಪ್ರತಿ ಸಲ ಹೊಸ ಆಯಿಲ್. ಟ್ರ್ಯಾಕಿನ ಬ್ರೇಕ್ ಪ್ಯಾಡ್ ಬಿಸಿಯಾದರೆ ಚೆನ್ನಾಗಿ ಹಿಡಿಯುತ್ತದೆ, ಊರಿನ ರಸ್ತೆಯಲ್ಲಿ ತಣ್ಣಗಿರುವಾಗ ಅಷ್ಟು ಹಿಡಿಯುವುದಿಲ್ಲ. ಟ್ರ್ಯಾಕಿನ ಟಯರಿಗೆ ಗೀರು ಕಡಿಮೆ. ಒಣ ನೆಲದಲ್ಲಿ ಅದು ಅಂಟಿಕೊಳ್ಳುತ್ತದೆ, ನಮ್ಮ ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ತೇಲುತ್ತದೆ. ಆದ್ದರಿಂದ ಆ ಕಾರಿಗೆ ಎರಡು ಜೊತೆ ಪ್ಯಾಡ್, ಎರಡು ಜೊತೆ ಚಕ್ರ. ಟ್ರ್ಯಾಕಿನಿಂದ ಬಂದ ಮೇಲೆ ಇಂಜಿನ್ ಆಯಿಲ್ ಬದಲು, ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡುವುದು, ರಬ್ಬರ್ ಹೋಸುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡುವುದು. ಇಷ್ಟೆಲ್ಲ ಆದರೂ ಸೈಲೆನ್ಸರ್ ಮಾತ್ರ ಕಂಪೆನಿಯದ್ದೇ. ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ ಎಂದು ಮಾಮನೇ ತಿಳಿಸಿದರು.

ನಮ್ಮ ಕ್ಲಾಸಿನಲ್ಲಿ ಬೈಕಿನ ಸೈಲೆನ್ಸರ್ ಬದಲಾಯಿಸಿ ಊರೆಲ್ಲ ಕೇಳುವಂತೆ ಸದ್ದು ಮಾಡಬೇಕೆಂಬ ಆಸೆ ಎಷ್ಟು ಜನಕ್ಕಿದೆ ಎಂದು ನನಗೆ ಗೊತ್ತು. ನನಗೂ ಇತ್ತು. ಹಾಗಾಗಿ ಸ್ನೇಹಿತರಲ್ಲಿ ಒಂದೇ ಕೋರಿಕೆ. ಏನನ್ನಾದರೂ ಕಳಚುವ ಮೊದಲು ಅದು ಅಲ್ಲಿ ಯಾಕಿದೆ ಎಂದು ಕೇಳಿ ತಿಳಿಯೋಣ. ಗೊತ್ತಿಲ್ಲದಿದ್ದರೆ ಹೋಂಡಾ ಅವರಂತೆ ಬೆಂಚಿನಲ್ಲಿ ಕುಳಿತು ಕಲಿಯೋಣ.

ಬಾಪನ ಬೈಕಿನ ಗಾರ್ಡನ್ನು ನಾನೇ ಮತ್ತೆ ಕೂರಿಸಿದೆ. ಎರಡು ಸ್ಕ್ರೂ ಅಷ್ಟೇ. ಬಿಗಿಯಾಯಿತೇ ಎಂದು ತಮ್ಮನೇ ಬಂದು ಅಲುಗಾಡಿಸಿ ನೋಡಿದ.