ಮಲೆಗಾಡಿನ ಹಕ್ಕಿಗಳ ಬಂಧು: ಸಲೀಂ ಅಲಿ

ಪಶ್ಚಿಮ ಘಟ್ಟಗಳ ದಕ್ಷಿಣ ಭಾಗದಲ್ಲಿ, ಮೋಡಗಳು ಮರಗಳ ತುದಿಯನ್ನು ಸವರಿ ಸಾಗುವ ಎತ್ತರದಲ್ಲಿ, ಕಣಿವೆಗಳ ಮಡಿಲನ್ನು ತುಂಬಿದ ದಟ್ಟವಾದ ಕಾಡುಗಳಿವೆ. ಅವುಗಳಿಗೆ ಶೋಲಾ ಕಾಡುಗಳೆಂದು ಹೆಸರು. ನಕ್ಕಂತೆ ದನಿಗೈಯುವ ನಗೆಮಲ್ಲ, ಕಪ್ಪು ಮತ್ತು ಕಿತ್ತಳೆ ಬಣ್ಣದ ಪುಟ್ಟ ನೊಣಹಿಡುಕ ಮೊದಲಾದ ಅಲ್ಲಿನ ಕೆಲವು ಹಕ್ಕಿಗಳು ಜಗತ್ತಿನ ಬೇರಾವ ಭಾಗದಲ್ಲಿಯೂ ಕಾಣಸಿಗುವುದಿಲ್ಲ. ಇಂತಹ ಹಕ್ಕಿಗಳ ಬಾಳುವೆಯನ್ನು ಅರಿಯಲು ಬೆಟ್ಟಕಾಡುಗಳನ್ನು ಸುತ್ತಿದ ಮಹನೀಯರಲ್ಲಿ ಸಲೀಂ ಅಲಿಯವರು ಅಗ್ರಗಣ್ಯರು.

ಸಲೀಂ ಅಲಿಯವರು ೧೮೯೬ರ ನವೆಂಬರ್ ೧೨ರಂದು ಮುಂಬಯಿಯಲ್ಲಿ ಜನಿಸಿದರು. ತೀರ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಸೋದರಮಾವನ ಮನೆಯಲ್ಲಿ ಬೆಳೆದರು. ಆಟದ ಬಂದೂಕಿನಿಂದ ಗುಬ್ಬಿಗಳನ್ನು ಹೊಡೆಯುವುದು ಬಾಲಕನ ಹವ್ಯಾಸವಾಗಿತ್ತು. ಒಮ್ಮೆ ಕೆಳಗುರುಳಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಬಣ್ಣದ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡರು ಹಕ್ಕಿಯ ಹೆಸರನ್ನು ತಿಳಿಸಿದುದಲ್ಲದೆ, ಸಂಗ್ರಹದಲ್ಲಿದ್ದ ಬಗೆಬಗೆಯ ಹಕ್ಕಿಗಳನ್ನೂ ತೋರಿಸಿದರು. ಹುಡುಗನ ಬಾಳಿನ ದಾರಿ ಅಂದೇ ತೆರೆಯಿತು.

ಆದರೆ ಆ ದಾರಿ ಸುಗಮವಾಗಿರಲಿಲ್ಲ. ತಾರುಣ್ಯದಲ್ಲಿ ಬರ್ಮಾ ದೇಶದ ತವಾಯ್‌ಗೆ ತೆರಳಿ ಕುಟುಂಬದ ವ್ಯವಹಾರವನ್ನು ನೋಡಿಕೊಂಡರು. ಅಲ್ಲಿಯೂ ಮನಸ್ಸು ಕಾಡಿನ ಕಡೆಗೇ ಹರಿಯುತ್ತಿತ್ತು. ಅನಂತರ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಉದ್ಯೋಗ ದೊರೆಯಿತು. ಬರ್ಲಿನ್ನಿಗೆ ಹೋಗಿ ಸ್ಟ್ರೆಸ್‌ಮನ್ ಎಂಬ ಪಕ್ಷಿವಿಜ್ಞಾನಿಯ ಬಳಿ ಶಿಕ್ಷಣ ಪಡೆದು ೧೯೩೦ರಲ್ಲಿ ಹಿಂದಿರುಗಿದಾಗ, ಹಣದ ಅಭಾವದಿಂದ ಆ ಉದ್ಯೋಗವೇ ರದ್ದಾಗಿತ್ತು. ಸಲೀಂ ಅಲಿಯವರು ಎದೆಗುಂದಲಿಲ್ಲ. ಖರ್ಚುವೆಚ್ಚವನ್ನು ಒದಗಿಸಿದರೆ ಸಾಕು, ಸಂಬಳವಿಲ್ಲದೆ ಹಕ್ಕಿಗಳ ಸಮೀಕ್ಷೆ ನಡೆಸುವೆನೆಂದು ಸಂಸ್ಥಾನಗಳಿಗೆ ತಿಳಿಸಿದರು.

೧೯೩೩ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಸಮೀಕ್ಷೆ ಆರಂಭವಾಯಿತು. ಪತ್ನಿ ತೆಹಮಿನಾ ಅವರೂ ಜೊತೆಗಿದ್ದರು. ಮುನ್ನಾರಿನ ಎತ್ತರದ ಬೆಟ್ಟಗಳಿಂದ ಪೆರಿಯಾರ್ ನದಿಯ ದಡದ ತಟ್ಟೇಕಾಡಿನವರೆಗೆ ಅವರು ಸಂಚರಿಸಿದರು. ಸಂಗ್ರಹಾಲಯಕ್ಕಾಗಿ ಹಕ್ಕಿಗಳ ಮಾದರಿಗಳನ್ನು ಕೂಡಿಸಿದರೂ ಸಲೀಂ ಅಲಿಯವರಿಗೆ ಅಷ್ಟರಿಂದಲೇ ತೃಪ್ತಿಯಾಗುತ್ತಿರಲಿಲ್ಲ. ಹಕ್ಕಿ ಏನನ್ನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಯಾವ ಎತ್ತರದ ಕಾಡಿನಲ್ಲಿ ನೆಲಸುತ್ತದೆ ಎಂಬುದೆಲ್ಲವೂ ಅವರ ಟಿಪ್ಪಣಿಗಳಲ್ಲಿ ದಾಖಲಾಗುತ್ತಿತ್ತು.

ಈ ಸಂಚಾರಗಳಿಂದ ದೊರೆತ ತಿಳಿವು ಅವರಲ್ಲಿ ಮುಂದೆ ದೊಡ್ಡ ಪ್ರಶ್ನೆಯೊಂದನ್ನು ಎಬ್ಬಿಸಿತು. ದಕ್ಷಿಣದ ಬೆಟ್ಟಗಳ ಕೆಲವು ಹಕ್ಕಿಗಳಿಗೆ ದೂರದ ಹಿಮಾಲಯದಲ್ಲಿ ಬಂಧುಗಳಿವೆ. ನಡುವಿನ ಒಣ ಬಯಲನ್ನು ಅವು ದಾಟಿದುದು ಹೇಗೆ? ಹಿಂದೊಮ್ಮೆ ಸಾತ್ಪುರ ಪರ್ವತಶ್ರೇಣಿಯ ಉದ್ದಕ್ಕೂ ತೇವಭರಿತ ಕಾಡು ಹಬ್ಬಿದ್ದು, ಅದೇ ಅವುಗಳಿಗೆ ಹೆದ್ದಾರಿಯಾಗಿದ್ದಿರಬಹುದೆಂದು ೧೯೪೯ರ ಲೇಖನವೊಂದರಲ್ಲಿ ಅವರು ಪ್ರತಿಪಾದಿಸಿದರು. ೨೦೧೭ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು, ದಕ್ಷಿಣದ ನಗೆಮಲ್ಲಗಳು ಲಕ್ಷಾಂತರ ವರ್ಷಗಳಿಂದ ಪ್ರತ್ಯೇಕವಾಗಿಯೇ ವಿಕಾಸ ಹೊಂದಿವೆಯೆಂದು ತೋರಿಸಿ, ಅವನ್ನು ಬೇರೆಯೇ ಕುಲಕ್ಕೆ ಸೇರಿಸಿತು.

೧೯೩೯ರ ಜುಲೈನಲ್ಲಿ ತೆಹಮಿನಾ ಅವರು ತೀರಿಕೊಂಡರು. ಕಾಡಿನ ಅಲೆದಾಟದ ಕಷ್ಟಗಳನ್ನು ನಗುನಗುತ್ತ ಹಂಚಿಕೊಂಡಿದ್ದ ಸಂಗಾತಿಯ ಅಗಲಿಕೆ ಸಲೀಂ ಅಲಿಯವರಿಗೆ ಭರಿಸಲಾಗದ ನಷ್ಟವಾಗಿತ್ತು. ಆದರೂ ಆ ವರ್ಷ ಮುಗಿಯುವ ಮೊದಲೇ ಅವರು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಹೊರಟರು. ನಮ್ಮ ನಾಡಿನ ಹಕ್ಕಿಗಳ ಅಧ್ಯಯನಕ್ಕೆ ಆ ಸಮೀಕ್ಷೆ ಭದ್ರವಾದ ಅಡಿಪಾಯವಾಯಿತು. ಮುಂದೆ ಡಿಲನ್ ರಿಪ್ಲೆ ಅವರೊಡನೆ ರಚಿಸಿದ ಹತ್ತು ಸಂಪುಟಗಳ ಪಕ್ಷಿಗ್ರಂಥವು ೧೯೬೮ರಿಂದ ೧೯೭೪ರವರೆಗೆ ಪ್ರಕಟವಾಯಿತು.

೧೯೭೦ರ ದಶಕದಲ್ಲಿ ಕೇರಳದ ಮೌನಕಣಿವೆಯಲ್ಲಿ ಕುಂತಿಪುಳ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ ಮುಂದೆ ಬಂದಿತು. ವಿದ್ಯುತ್ತು ಜನರಿಗೆ ಬೇಕಾಗಿತ್ತು. ಆದರೆ ಅಣೆಕಟ್ಟಿನಿಂದ ಪುರಾತನವಾದ ಮಳೆಕಾಡು ಮುಳುಗಲಿತ್ತು. ಮುಳುಗಿದ ಕಾಡಿನ ಹಕ್ಕಿಗಳು ಬಯಲಿಗಿಳಿದು ಬದುಕಲಾರವೆಂಬುದನ್ನು ಸಲೀಂ ಅಲಿಯವರು ಬಲ್ಲವರಾಗಿದ್ದರು. ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿಯೂ ಅವರು ಯೋಜನೆಯನ್ನು ಕೈಬಿಡುವಂತೆ ಸರಕಾರವನ್ನು ಒತ್ತಾಯಿಸಿದರು. ಹಲವು ವಿಜ್ಞಾನಿಗಳೂ ಕವಿಗಳೂ ಅಧ್ಯಾಪಕರೂ ಆ ಹೋರಾಟದಲ್ಲಿ ಸೇರಿದರು. ಕೊನೆಗೆ ೧೯೮೪ರಲ್ಲಿ ಮೌನಕಣಿವೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

೧೯೮೭ರ ಜೂನ್ ೨೦ರಂದು ಸಲೀಂ ಅಲಿಯವರು ನಿಧನರಾದರು. ಹಕ್ಕಿಯನ್ನು ಅದರ ಕಾಡಿನಿಂದ ಬೇರ್ಪಡಿಸಿ ಅರಿಯಲೂ ಆಗದು, ಉಳಿಸಲೂ ಆಗದು ಎಂಬುದನ್ನು ಅವರ ಬಾಳು ನಮಗೆ ಕಲಿಸುತ್ತದೆ.