ಕುಡಿಯದೆಯೂ ತೂರಾಡುವುದೇಕೆ? ಯುದ್ಧಭೂಮಿಯ ಆಸ್ಪತ್ರೆಯಲ್ಲಿ ಉತ್ತರ ಹುಡುಕಿದ ಗಾರ್ಡನ್ ಹೋಮ್ಸ್

ಕಾಲು ಅಗಲಿಸಿಕೊಂಡು ತೂರಾಡುತ್ತಾ ನಡೆಯುತ್ತಾರೆ, ಮಾತು ತೊದಲುತ್ತದೆ. ನೋಡಿದವರು ಕುಡಿದಿದ್ದಾರೆ ಎಂದೇ ತೀರ್ಮಾನಿಸುತ್ತಾರೆ. ಆದರೆ ಇದು ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನ, ಅಂದರೆ ಸೆರೆಬೆಲ್ಲಮ್‌ನ ಕಾಯಿಲೆಯೂ ಆಗಿರಬಹುದು. ಇದನ್ನು ಗುರುತಿಸುವ ಬಗೆಯನ್ನು ವೈದ್ಯರಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಪ್ರಮುಖರು ಗಾರ್ಡನ್ ಹೋಮ್ಸ್.

1876ರಲ್ಲಿ ಐರ್ಲೆಂಡ್‌ನಲ್ಲಿ ಹುಟ್ಟಿದ ಹೋಮ್ಸ್ ಡಬ್ಲಿನ್‌ನಲ್ಲಿ ವೈದ್ಯಕೀಯ ಓದಿ, ಜರ್ಮನಿಯಲ್ಲಿ ಮಿದುಳಿನ ರಚನೆ ಕಲಿತು, ಲಂಡನ್‌ನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆ ಸೇರಿದರು. ಮೊದಲ ಮಹಾಯುದ್ಧ ಶುರುವಾದಾಗ ದೃಷ್ಟಿದೋಷದ ಕಾರಣಕ್ಕೆ ಸೇನೆ ಅವರನ್ನು ಬೇಡವೆಂದಿತು. ಅವರು ಸುಮ್ಮನಿರಲಿಲ್ಲ, ರೆಡ್ ಕ್ರಾಸ್ ಆಸ್ಪತ್ರೆಯ ಜೊತೆ ಫ್ರಾನ್ಸ್‌ಗೆ ಹೊರಟರು. ಬೇಡವೆಂದಿದ್ದ ಅದೇ ಸೇನೆ ಆಮೇಲೆ ಅವರನ್ನು ನರರೋಗ ಸಲಹೆಗಾರರನ್ನಾಗಿ ಮಾಡಿಕೊಂಡಿತು!

ಅಲ್ಲಿ ತಲೆಯ ಹಿಂಭಾಗಕ್ಕೆ ಗುಂಡು, ಲೋಹದ ಚೂರು ಹೊಕ್ಕ ಯುವ ಸೈನಿಕರು ಬರುತ್ತಲೇ ಇದ್ದರು. ಅದುವರೆಗೆ ಕಿರುಮೆದುಳಿನ ಬಗ್ಗೆ ತಿಳಿದಿದ್ದು ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ. ಈಗ ಆರೋಗ್ಯವಂತ ಯುವಕರಲ್ಲಿ, ಮಿದುಳಿನ ಒಂದೇ ಬದಿಗೆ ಪೆಟ್ಟು ಬಿದ್ದಾಗ ಏನಾಗುತ್ತದೆ ಎಂಬುದು ಹೋಮ್ಸ್ ಕಣ್ಣೆದುರಿಗಿತ್ತು.

ಅವರು ಕಂಡಿದ್ದಿಷ್ಟು: ಗಾಯವಾದ ಬದಿಯ ಕೈಕಾಲೇ ಕೆಡುತ್ತದೆ, ವಾಲುವುದೂ ಬೀಳುವುದೂ ಅದೇ ಬದಿಗೆ. ಲಕ್ವ ಹೊಡೆದಿರುವುದಿಲ್ಲ, ಸ್ಪರ್ಶವೂ ತಿಳಿಯುತ್ತದೆ. ಆದರೂ ಸ್ನಾಯು ಸಡಿಲ. ಚಲನೆ ತಡವಾಗಿ ಶುರುವಾಗಿ, ಗುರಿ ದಾಟಿ ಹೋಗುತ್ತದೆ. ಮೂಗು ಮುಟ್ಟಲು ಹೋದ ಬೆರಳು ಹತ್ತಿರ ಬಂದಂತೆ ನಡುಗುತ್ತದೆ. ಮಡಚಿದ ತೋಳನ್ನು ವೈದ್ಯರು ಎಳೆದು ತಟ್ಟನೆ ಬಿಟ್ಟರೆ, ರೋಗಿಯ ಮುಷ್ಟಿ ಅವನ ಮುಖಕ್ಕೇ ಬಡಿಯುತ್ತದೆ. ನಾವು ಯೋಚಿಸದೆ ಮಾಡುವ ಪ್ರತಿ ಚಲನೆಯನ್ನೂ ಆ ಸೈನಿಕರು ಯೋಚಿಸಿ ಯೋಚಿಸಿ ಮಾಡಬೇಕಿತ್ತು. ಬರೀ ನೆಟ್ಟಗೆ ನಿಲ್ಲಲು ಎಷ್ಟು ಸ್ನಾಯುಗಳು ಹೊಂದಿಕೊಂಡು ದುಡಿಯಬೇಕು ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ.

1917ರಲ್ಲಿ ಈ ವಿವರಗಳು 'ಬ್ರೇನ್' ಪತ್ರಿಕೆಯಲ್ಲಿ ಪ್ರಕಟವಾದವು. 1922ರಲ್ಲಿ ಹೋಮ್ಸ್ ಅದೇ ಪತ್ರಿಕೆಯ ಸಂಪಾದಕರಾದರು, 1951ರಲ್ಲಿ 'ಸರ್' ಪದವಿ ಬಂತು. 1965ರಲ್ಲಿ ತೀರಿಕೊಂಡರು.

ಆರು ವರ್ಷಗಳ ನಂತರ, 1971ರಲ್ಲಿ, 'ಬ್ರೇನ್'ನಲ್ಲಿ ಮುಂಬೈನ ಡಾ. ನೋಶಿರ್ ವಾಡಿಯಾ ಅವರ ಲೇಖನ ಬಂತು. ಅವರು ಸಹೋದ್ಯೋಗಿಯೊಂದಿಗೆ ಒಂಬತ್ತು ಕುಟುಂಬಗಳನ್ನು ಪರೀಕ್ಷಿಸಿ, ನಡಿಗೆಯ ಜೊತೆಗೆ ಕಣ್ಣಿನ ಚಲನೆಯನ್ನೂ ನಿಧಾನಗೊಳಿಸುವ ವಂಶವಾಹಿ ಕಿರುಮೆದುಳು ಕಾಯಿಲೆಯನ್ನು ವಿವರಿಸಿದ್ದರು.

ಸ್ಕ್ಯಾನ್‌ಗೆ ದೊಡ್ಡ ಊರಿಗೇ ಹೋಗಬೇಕಾಗಬಹುದು. ಆದರೆ ಬೆರಳಿನಿಂದ ಮೂಗು ಮುಟ್ಟಿಸಿ, ಗೆರೆಯ ಮೇಲೆ ನಡೆಸಿ ನೋಡಲು ನಾಶಿಕ್ ಜಿಲ್ಲೆಯ ಚಾಂದವಡ್‌ನಂಥ ಊರಿನ ವೈದ್ಯರಿಗೂ ಯಾವ ಯಂತ್ರವೂ ಬೇಡ.