ಕೆನ್ನೆಯೊಳಗಿನ ನಾಲೆಯನ್ನು ಕಂಡವರು: ಪುನೀತ ನಿಕೊಲಾಸ್ ಸ್ಟೆನೊ

ಮಾಕವಳ್ಳಿಯ ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ತೊಡಗಿತೆಂದರೆ ಕೃಷ್ಣರಾಜಪೇಟೆಯ ಕಡೆಯ ದಾರಿಗಳಲ್ಲಿ ಕಬ್ಬು ಹೇರಿಕೊಂಡ ಗಾಡಿ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳ ಹಿಂದೆ ಓಡಿ ಒಂದು ಜಲ್ಲೆಯನ್ನಾದರೂ ಎಳೆದುಕೊಳ್ಳದ ಹುಡುಗರು ನಮ್ಮ ಸೀಮೆಯಲ್ಲಿ ಕಡಿಮೆ. ಮುದ್ದೆಯನ್ನು ಅಗಿಯದೆ ನುಂಗುವ ಈ ಜನ ಕಬ್ಬನ್ನು ಮಾತ್ರ ಹಲ್ಲಿನಲ್ಲೇ ಸಿಗಿದು, ಅಗಿದು, ರಸ ಹೀರಿ, ಹಿಪ್ಪೆಯನ್ನು ಉಗಿಯುತ್ತಾರೆ.

ಪ್ರಿಯ ಓದುಗರೇ, ಈ ಸಲ ಕಬ್ಬಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡಾಗ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ನೋಡಿ. ಬಾಯಿ ತೆರೆದಾಗ ಅಲ್ಲಿ ಏನೋ ಮುಂದಕ್ಕೆ ಜಾರಿ, ಮುಚ್ಚಿದಾಗ ಹಿಂದಕ್ಕೆ ಸರಿಯುತ್ತದೆ. ಅದೇ ದವಡೆಯ ಕೀಲು. ಬಾಗಿಲ ಕೀಲು ಇದ್ದಲ್ಲಿಯೇ ತಿರುಗುತ್ತದೆ. ದವಡೆಯ ಕೀಲಾದರೋ ತಿರುಗುವುದರ ಜೊತೆಗೆ ಜಾರಲೂ ಬಲ್ಲದು. ಮೂಳೆಗೆ ಮೂಳೆ ಉಜ್ಜದಿರಲೆಂದು ನಡುವೆ ಮೆತ್ತನೆಯ ಬಿಲ್ಲೆಯೊಂದಿದೆ. ಕೆಳದವಡೆ ಒಂದೇ ಮೂಳೆಯಾದ್ದರಿಂದ ಎಡಬಲದ ಎರಡು ಕೀಲುಗಳೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಕೂಡಿಯೇ ನಡೆಯಬೇಕು.

ಈಗ ಬೆರಳನ್ನು ಸ್ವಲ್ಪ ಕೆಳಕ್ಕೆ ತಂದು ಹಲ್ಲು ಕಚ್ಚಿ ಹಿಡಿಯಿರಿ. ಕೆನ್ನೆಯಲ್ಲಿ ಗಟ್ಟಿಯಾಗಿ ಉಬ್ಬುವುದು ಮ್ಯಾಸಿಟರ್ ಎಂಬ ಸ್ನಾಯು. ಕೆನ್ನೆಮೂಳೆಯಿಂದ ಹೊರಟು ಕೆಳದವಡೆಯ ಮೂಲೆಗೆ ಅಂಟಿಕೊಂಡ ಬಲಶಾಲಿ ಇದು. ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿರುವುದು ಇನ್ನೊಂದು. ದವಡೆಯ ಒಳಮಗ್ಗುಲಲ್ಲಿ ಕೈಗೆ ಸಿಗದಂತೆ ಮತ್ತೆರಡಿವೆ. ಅವುಗಳಲ್ಲಿ ಒಂದು ದವಡೆಯನ್ನು ಮುಂದಕ್ಕೆ ಎಳೆದು ಬಾಯಿ ತೆರೆಯಲು ನೆರವಾದರೆ, ಉಳಿದವು ಕಚ್ಚಲು ದುಡಿಯುತ್ತವೆ. ಹೀಗೆ ಒಂದೊಂದು ಕಡೆಗೆ ನಾಲ್ಕರಂತೆ ಎಂಟು ಸ್ನಾಯುಗಳು ನಮ್ಮ ದಿನದಿನದ ಅನ್ನವನ್ನು ಅರೆದು ಕೊಡುತ್ತವೆ.

ಆದರೆ ಒಣ ಹಿಟ್ಟನ್ನು ಎಷ್ಟು ಅರೆದರೂ ಗಂಟಲಿಗೆ ಇಳಿಯದು, ಅದಕ್ಕೆ ನೀರು ಬೇಕು. ಕಿವಿಯ ಮುಂದೆ ಮತ್ತು ಕೆಳಗೆ ಎಂಜಲಿನ ದೊಡ್ಡ ಗ್ರಂಥಿಯಿದೆ. ಮಕ್ಕಳಿಗೆ ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಈ ಗ್ರಂಥಿಯನ್ನು ಕೆರೆ ಎಂದುಕೊಂಡರೆ ಅದರಿಂದ ಸುಮಾರು 5 ಸೆಂಟಿಮೀಟರ್ ಉದ್ದದ ಸಣ್ಣ ನಾಲೆಯೊಂದು ಹೊರಡುತ್ತದೆ. ಅದು ಮ್ಯಾಸಿಟರ್ ಸ್ನಾಯುವಿನ ಮೇಲೆಯೇ ಹಾದು, ಅದರ ಮುಂದಿನ ಅಂಚಿನಲ್ಲಿ ಒಳಕ್ಕೆ ತಿರುಗಿ, ಕೆನ್ನೆಯನ್ನು ತೂರಿ, ಮೇಲಿನ ಎರಡನೆಯ ದವಡೆಹಲ್ಲಿನ ಎದುರಿಗೆ ಬಾಯೊಳಗೆ ತೆರೆಯುತ್ತದೆ. ಅಗಿಯುವ ಹೊತ್ತಿಗೆ ಸರಿಯಾಗಿ ತೂಬು ಎತ್ತಿದಂತೆ ಎಂಜಲು ಹರಿದುಬರುತ್ತದೆ. ಜಗತ್ತಿನ ಯಾವ ವೈದ್ಯಕೀಯ ಕಾಲೇಜಿಗೆ ಹೋದರೂ ಈ ನಾಲೆಗೆ ಸ್ಟೆನ್ಸನ್ನನ ನಾಳ ಎಂದೇ ಹೆಸರು. ಆ ಹೆಸರಿನವರು ಕಡೆಗೆ ಕಥೋಲಿಕ ಧರ್ಮಾಧ್ಯಕ್ಷರಾಗಿ, ಬಡವರಾಗಿ ತೀರಿಕೊಂಡರೆಂಬುದು ಆ ಹೆಸರನ್ನು ಬಾಯಿಪಾಠ ಮಾಡುವ ಅನೇಕರಿಗೆ ತಿಳಿಯದು.

ನೀಲ್ಸ್ ಸ್ಟೆನ್ಸನ್ ಹುಟ್ಟಿದ್ದು 1638ರ ಜನವರಿಯಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ. ಲತೀನ್ ಭಾಷೆಯಲ್ಲಿ ಬರೆಯುವಾಗ ನಿಕೊಲಾಸ್ ಸ್ಟೆನೊ ಎಂದಾದರು. ತಂದೆ ಅಕ್ಕಸಾಲಿಗ. ಮನೆಯವರು ದೈವಭಕ್ತಿಯುಳ್ಳ ಲೂಥರನ್ ಕ್ರೈಸ್ತರು. ಮೂರನೆಯ ವಯಸ್ಸಿನಿಂದ ಸುಮಾರು ಮೂರು ವರ್ಷ ಮಗುವಿಗೆ ಕಾಯಿಲೆ. ಓರಗೆಯ ಮಕ್ಕಳೊಡನೆ ಆಡಲಾಗದೆ ಹಿರಿಯರ ಮಾತು ಕೇಳುತ್ತಲೇ ಬೆಳೆದರು. ಚಿಕ್ಕಂದಿನಲ್ಲೇ ತಂದೆಯನ್ನೂ ಕಳೆದುಕೊಂಡರು. 1654ರಲ್ಲಿ ನಗರಕ್ಕೆ ಪ್ಲೇಗ್ ನುಗ್ಗಿತು. ಅವರು ಓದುತ್ತಿದ್ದ ಶಾಲೆಯಲ್ಲಿಯೇ ಸುಮಾರು 240 ಮಕ್ಕಳು ಮಡಿದರೆಂದು ದಾಖಲೆಯಿದೆ. ನೆನ್ನೆ ಪಕ್ಕದಲ್ಲಿ ಕುಳಿತವನು ಇಂದು ಇಲ್ಲ ಎಂಬುದನ್ನು ಹದಿನಾರರ ಹುಡುಗ ಕಣ್ಣಾರೆ ಕಂಡ. ಎರಡು ವರ್ಷಗಳ ನಂತರ ಅವನು ವೈದ್ಯಶಾಸ್ತ್ರ ಓದಲು ವಿಶ್ವವಿದ್ಯಾಲಯಕ್ಕೆ ಸೇರಿದ. ಅಲ್ಲಿ ಹೆಸರಾಂತ ಅಂಗರಚನಾ ತಜ್ಞ ಥಾಮಸ್ ಬಾರ್ತೊಲಿನ್ ಗುರುವಾಗಿ ದೊರೆತರು.

1660ರಲ್ಲಿ ಸ್ಟೆನೊ ಹೆಚ್ಚಿನ ಓದಿಗಾಗಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಗೆ ಬಂದು ಗೆರಾರ್ಡ್ ಬ್ಲಾಸಿಯಸ್ ಎಂಬ ವೈದ್ಯರ ಮನೆಯಲ್ಲಿ ಉಳಿದರು. ಆಗ ಅವರಿಗೆ 22 ವರ್ಷ. ಏಪ್ರಿಲ್ 7ರಂದು ಕುರಿಯ ತಲೆಯೊಂದನ್ನು ಕೊಂಡುತಂದು ಒಬ್ಬರೇ ಕುಳಿತರು. ಮಿದುಳನ್ನು ನೋಡಬೇಕೆಂಬುದು ಅವರ ಮೊದಲ ಉದ್ದೇಶ. ಅದಕ್ಕೆ ಮುಂಚೆ ಕೆನ್ನೆಯ ನಾಳಗಳನ್ನು ಸ್ವಲ್ಪ ಪರೀಕ್ಷಿಸೋಣವೆಂದು ತೆಳುವಾದ ಕಡ್ಡಿಯನ್ನು ತೂರಿಸಿದರು. ಅದು ಎಲ್ಲಿಯೂ ತಡೆಯಿಲ್ಲದೆ ಸರಾಗವಾಗಿ ಮುಂದೆ ಹೋಗಿ, ಕಡೆಗೆ ಕುರಿಯ ಹಲ್ಲಿಗೆ ತಗುಲಿ ಟಣ್ಣೆಂದಿತು. ಆ ಸಣ್ಣ ಸದ್ದೇ ಒಂದು ಶೋಧನೆಯಾಯಿತು. ಕಿವಿಯ ಬಳಿಯ ಗ್ರಂಥಿಯಿಂದ ಬಾಯಿಗೆ ನೇರವಾದ ದಾರಿ ಇದೆ ಎಂದಾಯಿತು.

ಅವರು ಮನೆಯ ಯಜಮಾನನನ್ನೇ ಕರೆದು ತೋರಿಸಿದರು. ಕಡ್ಡಿಯನ್ನು ಒತ್ತಿ ತೂರಿಸಿರಬೇಕು, ಇಲ್ಲವೆ ಆ ಒಂದು ಕುರಿಯಲ್ಲಿ ಹಾಗಿದ್ದಿರಬೇಕು ಎಂದು ಬ್ಲಾಸಿಯಸ್ ಮೊದಲು ತಳ್ಳಿಹಾಕಿದರು. ಮುಂದೆ ಸ್ಟೆನೊ ಲೈಡನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಪ್ರಾಧ್ಯಾಪಕರಾದ ಯೊಹಾನ್ನೆಸ್ ಫಾನ್ ಹೋರ್ನೆಯವರು ಈ ನಾಳವನ್ನು ಎಲ್ಲರೆದುರು ತೋರಿಸಿ ಅದಕ್ಕೆ ಸ್ಟೆನೊ ಹೆಸರನ್ನೇ ಇಟ್ಟರು. ಆಗ ಬ್ಲಾಸಿಯಸ್ ತಿರುಗಿ ನಿಂತರು. ಅದು ತನ್ನ ಶೋಧನೆ, ಹುಡುಗ ಕದ್ದಿದ್ದಾನೆ ಎಂದು ಸಾರಿದರು. ಪರದೇಶದಲ್ಲಿ ಓದುವ ತರುಣನಿಗೆ ಇದಕ್ಕಿಂತ ದೊಡ್ಡ ಕಳಂಕ ಇನ್ನೇನಿದೆ? ಮಾನವೇ ಹೋಗುವ ಮಾತು.

ಸ್ಟೆನೊ ಸುಮ್ಮನಿರಲಿಲ್ಲ. ನಡೆದದ್ದನ್ನು ನಡೆದಂತೆ ಗುರು ಬಾರ್ತೊಲಿನ್ನರಿಗೆ ಪತ್ರ ಬರೆದು ತಿಳಿಸಿದರು. ಬ್ಲಾಸಿಯಸ್ ಬರೆದ ವರ್ಣನೆಯಲ್ಲಿ ನಾಳ ಹುಟ್ಟುವ ಜಾಗವೂ ಸರಿಯಿಲ್ಲ, ಕೊನೆಯಾಗುವ ಜಾಗವೂ ಸರಿಯಿಲ್ಲ, ಕಂಡವನು ಹೀಗೆ ಬರೆಯಲಾರ ಎಂದು ತೋರಿಸಿಕೊಟ್ಟರು. ಆದರೆ ಅವರ ದೊಡ್ಡ ಉತ್ತರ ಜಗಳವಾಗಿರಲಿಲ್ಲ, ಕೆಲಸವಾಗಿತ್ತು. ಮತ್ತೆ ಮತ್ತೆ ಕೊಯ್ದು ನೋಡಿ ಬಾಯಿ, ಕೆನ್ನೆ, ಮೂಗಿನ ಗ್ರಂಥಿಗಳನ್ನು ವಿವರಿಸಿದರು. ಕಣ್ಣೀರು ಹೊರಬರುವ ಸಣ್ಣ ನಾಳಗಳನ್ನೂ ಕಂಡು 1662ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕೆನ್ನೆಯ ನಾಳದ ಕೀರ್ತಿ ಯಾರದೆಂಬ ಬಗ್ಗೆ ಆಮೇಲೆ ಹೆಚ್ಚು ವಾದ ಉಳಿಯಲಿಲ್ಲ.

ಗ್ರಂಥಿಗಳಿಂದ ಅವರ ಕಣ್ಣು ಸ್ನಾಯುಗಳ ಕಡೆಗೆ ತಿರುಗಿತು. ಹೃದಯವೆಂದರೆ ದೇಹದ ಬಿಸಿಯ ಒಲೆ, ಜೀವದ ಸಿಂಹಾಸನ ಎಂದೆಲ್ಲ ದೊಡ್ಡವರು ಬರೆದಿದ್ದ ಕಾಲ ಅದು. ಸ್ಟೆನೊ ಎತ್ತಿನ ಹೃದಯವನ್ನು ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಅದು ಬರಿಯ ಸ್ನಾಯು ಎಂದರು. 1664ರಲ್ಲಿ ಸ್ನಾಯು ಮತ್ತು ಗ್ರಂಥಿಗಳ ಬಗ್ಗೆ ಅವರ ಪುಸ್ತಕ ಬಂತು. ಸ್ನಾಯು ಹೇಗೆ ಎಳೆಯುತ್ತದೆ ಎಂಬುದಕ್ಕೆ ಆಗಿನವರು ಹೇಳುತ್ತಿದ್ದ ಉತ್ತರ ಬೇರೆ. ಮಿದುಳಿನಿಂದ ನರಗಳ ಮೂಲಕ ಒಂದು ಬಗೆಯ ಸೂಕ್ಷ್ಮ ಗಾಳಿ ಹರಿದುಬಂದು, ತಿದಿಗೆ ಗಾಳಿ ತುಂಬಿದಂತೆ ಸ್ನಾಯುವನ್ನು ಊದಿಸುತ್ತದೆ ಎಂದು ಅವರು ನಂಬಿದ್ದರು. ಹೊಸದೇನೂ ಒಳಗೆ ತುಂಬಬೇಕಾಗಿಲ್ಲ, ಎಳೆಗಳು ಗಿಡ್ಡವಾದರೆ ಸಾಕು, ಸ್ನಾಯು ತಾನಾಗಿ ದಪ್ಪವಾಗಿ ಕಾಣುತ್ತದೆ ಎಂದು ಸ್ಟೆನೊ 1667ರಲ್ಲಿ ರೇಖಾಗಣಿತದಿಂದ ತೋರಿಸಿದರು. ಎಳೆಗಳು ಓರೆಯಾಗಿ, ಸಾಲಾಗಿ ಜೋಡಣೆಗೊಂಡಿರುವುದನ್ನು ಚಿತ್ರ ಬರೆದು ವಿವರಿಸಿದರು. ನಮ್ಮ ಕೆನ್ನೆಯ ಮ್ಯಾಸಿಟರಿನ ಬಲದ ಗುಟ್ಟೂ ಇದೇ. ಗಿಡ್ಡ ಎಳೆಗಳು ಓರೆಯಾಗಿ ಒತ್ತೊತ್ತಾಗಿ ಸೇರಿರುವುದರಿಂದ ಅಂಗೈಗಿಂತ ಚಿಕ್ಕ ಜಾಗದಲ್ಲಿ ಕಬ್ಬಿನ ಗೆಣ್ಣನ್ನೇ ಪುಡಿಮಾಡುವಷ್ಟು ಶಕ್ತಿ ಅಡಗಿದೆ. ಅಂದಿನವರು ಈ ಗಣಿತವನ್ನು ಒಪ್ಪಲಿಲ್ಲ, ಹೆಚ್ಚುಕಡಿಮೆ ಮರೆತೇಬಿಟ್ಟರು. 20ನೆಯ ಶತಮಾನದ ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಸ್ನಾಯುಗಳ ಲೆಕ್ಕ ಹಾಕುವವರಿಗೆ ಸ್ಟೆನೊ ಸರಿಯಾದ ದಾರಿಯಲ್ಲೇ ಇದ್ದರೆಂದು ಅರಿವಾಯಿತು.

ಅಷ್ಟರಲ್ಲಿ ಅವರು ಪ್ಯಾರಿಸಿನ ಮೂಲಕ ಇಟಲಿಯ ಫ್ಲಾರೆನ್ಸಿಗೆ ಬಂದು ಮೆಡಿಚಿ ಅರಸರ ಆಶ್ರಯದಲ್ಲಿದ್ದರು. 1666ರ ಅಕ್ಟೋಬರಿನಲ್ಲಿ ಲಿವೊರ್ನೊ ಬಳಿಯ ಕಡಲಿನಲ್ಲಿ ಬೆಸ್ತರಿಗೆ ಭಾರಿ ಶಾರ್ಕ್ ಮೀನೊಂದು ಸಿಕ್ಕಿತು. ಅರಸರು ಅದರ ತಲೆಯನ್ನು ಸ್ಟೆನೊ ಬಳಿಗೆ ಕಳಿಸಿದರು. ಅದರ ದವಡೆಯಲ್ಲಿದ್ದ ಸಾಲುಸಾಲು ಹಲ್ಲುಗಳನ್ನು ನೋಡುತ್ತಿದ್ದಂತೆ ಅವರಿಗೆ ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಸಿಗುವ ನಾಲಗೆಕಲ್ಲುಗಳು ನೆನಪಾದವು. ಅವು ಕಲ್ಲಲ್ಲ, ಹಿಂದಿನ ಕಾಲದ ಶಾರ್ಕ್ ಹಲ್ಲುಗಳೇ ಎಂದು ಅವರು ವಾದಿಸಿದರು. ಹಾಗಾದರೆ ಹಲ್ಲು ಬಂಡೆಯೊಳಗೆ ಸೇರಿದ್ದು ಹೇಗೆ? ಆ ಪ್ರಶ್ನೆಯ ಬೆನ್ನು ಹತ್ತಿ, ಭೂಮಿಯ ಪದರಗಳಲ್ಲಿ ಕೆಳಗಿನದು ಮೊದಲು, ಮೇಲಿನದು ಆಮೇಲೆ ಕೂಡಿಕೊಂಡದ್ದು ಎಂಬ ತತ್ತ್ವವನ್ನು 1669ರಲ್ಲಿ ಪ್ರಕಟಿಸಿದರು. ಭೂವಿಜ್ಞಾನಿಗಳು ಇಂದಿಗೂ ಅವರನ್ನು ತಮ್ಮ ಶಾಸ್ತ್ರದ ಹಿರಿಯರಲ್ಲಿ ಒಬ್ಬರೆಂದು ನೆನೆಯುತ್ತಾರೆ.

ಇದೇ ಕಾಲದಲ್ಲಿ ಅವರ ಮನಸ್ಸಿನಲ್ಲಿ ಇನ್ನೊಂದು ಶೋಧನೆ ನಡೆದಿತ್ತು. 1666ರ ಜೂನಿನಲ್ಲಿ ಲಿವೊರ್ನೊದ ಬೀದಿಯಲ್ಲಿ ಪರಮಪ್ರಸಾದದ ಮೆರವಣಿಗೆ ಹೊರಟಿತ್ತು. ಹೂವು, ದೀಪ, ಮಂಡಿಯೂರಿದ ಜನ. ಸ್ಟೆನೊ ಪಕ್ಕದಲ್ಲಿ ನಿಂತು ನೋಡಿದರು. ಹೊತ್ತು ಹೋಗುತ್ತಿರುವುದು ಬರಿಯ ರೊಟ್ಟಿಯಾದರೆ ಇಷ್ಟೆಲ್ಲ ಮಾಡುವವರು ಮೂಢರು. ಕ್ರಿಸ್ತರ ಶರೀರವೇ ನಿಜವಾದರೆ ನಾನೇಕೆ ದೂರ ನಿಂತಿದ್ದೇನೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಕುರಿಯ ಕೆನ್ನೆಯನ್ನು ಪರೀಕ್ಷಿಸಿದಷ್ಟೇ ಶ್ರದ್ಧೆಯಿಂದ ಅವರು ಹಳೆಯ ಗ್ರಂಥಗಳನ್ನು ಮೂಲ ಭಾಷೆಗಳಲ್ಲೇ ಓದಿ ನೋಡಿದರು. ಫ್ಲಾರೆನ್ಸಿನ ಕನ್ಯಾಮಠವೊಂದರ ಔಷಧಾಲಯ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮರಿಯ ಫ್ಲಾವಿಯ ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಔಷಧಿಗೆಂದು ಹೋದಾಗಲೆಲ್ಲ ವಿಶ್ವಾಸದ ಮಾತನ್ನೂ ಆಡುತ್ತಿದ್ದರು. 1667ರ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಸ್ಟೆನೊ ಕಥೋಲಿಕ ಧರ್ಮಸಭೆಗೆ ಸೇರುವ ನಿರ್ಧಾರ ಮಾಡಿದರು. ತಮ್ಮನ್ನು ಬೆಳೆಸಿದ ಲೂಥರನ್ ಮನೆತನವನ್ನು ಅವರು ಹಳಿಯಲು ಹೋಗಲಿಲ್ಲ.

ಡೆನ್ಮಾರ್ಕಿನ ಅರಸರು ಅವರನ್ನು ಅಂಗರಚನಾಶಾಸ್ತ್ರ ಕಲಿಸಲು ಕರೆಸಿಕೊಂಡರು. 1672ರಿಂದ 1674ರವರೆಗೆ ಕೋಪನ್‌ಹೇಗನ್ನಿನಲ್ಲಿದ್ದು ಮತ್ತೆ ಫ್ಲಾರೆನ್ಸಿಗೆ ಮರಳಿದರು. 1675ರಲ್ಲಿ ಗುರುಪಟ್ಟ ಪಡೆದರು. 1677ರಲ್ಲಿ ರೋಮಿನಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷೇಕವಾಯಿತು. ಉತ್ತರ ಜರ್ಮನಿ ಮತ್ತು ಅದರಾಚೆಯ ನಾಡುಗಳಲ್ಲಿ ಚದುರಿಹೋಗಿದ್ದ ಕಥೋಲಿಕರನ್ನು ಕಾಯುವ ಹೊಣೆ ಅವರದಾಯಿತು. ಮೊದಲು ಹಾನೋವರ್, ಆಮೇಲೆ ಮ್ಯುನ್‌ಸ್ಟರಿನಲ್ಲಿ ಸಹಾಯಕ ಧರ್ಮಾಧ್ಯಕ್ಷರ ಕೆಲಸ. 1683ರಲ್ಲಿ ಅಲ್ಲಿ ಹೊಸ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣ ಕೈ ಬದಲಾಯಿಸಿತೆಂದು ತಿಳಿದಾಗ, ಅದನ್ನು ಒಪ್ಪಲಾರದೆ ಊರನ್ನೇ ಬಿಟ್ಟು ಹ್ಯಾಂಬರ್ಗಿಗೆ ನಡೆದರು. ಕೀರ್ತಿಯ ವಿಷಯದಲ್ಲಿ 22ರ ಹರೆಯದಲ್ಲಿ ಬಿಡದಿದ್ದ ಸತ್ಯವನ್ನು 45ರಲ್ಲಿ ಪದವಿಗಾಗಿಯೂ ಬಿಡಲಿಲ್ಲ.

ಬಡವರಿಗೆ ಕೊಡಲೆಂದು ಅವರು ಧರ್ಮಾಧ್ಯಕ್ಷರ ಉಂಗುರ, ಶಿಲುಬೆಗಳನ್ನೂ ಮಾರಿದರು. ಹಳೆಯ ಬಟ್ಟೆ, ಕಾಲ್ನಡಿಗೆ, ಕಠಿಣವಾದ ಉಪವಾಸ. ಅನ್ನವನ್ನು ಹದಮಾಡುವ ನಾಲೆಯನ್ನು ಕಂಡವರು ತಮ್ಮ ಪಾಲಿನ ಅನ್ನವನ್ನೇ ಹಸಿದವರಿಗೆ ದಾಟಿಸಿದರು. ಅವರ ಉಪವಾಸ ಅತಿಯಾಯಿತೆಂದು, ದೇಹವನ್ನು ಬಲ್ಲ ವೈದ್ಯನೇ ಹೀಗೆ ಮಾಡಬಾರದಿತ್ತೆಂದು ಯಾರಿಗಾದರೂ ಅನ್ನಿಸಿದರೆ ಅದೂ ತಪ್ಪಲ್ಲ. ಕಡೆಗೆ ಶ್ವೆರಿನ್ ಎಂಬ ಊರಿನಲ್ಲಿ ಬೆರಳೆಣಿಕೆಯ ಕಥೋಲಿಕರಿಗೆ ಸೇವೆ ಮಾಡುತ್ತಿದ್ದಾಗ ಹೊಟ್ಟೆಯ ತೀವ್ರ ನೋವಿನಿಂದ ನರಳಿ 1686ರ ಡಿಸೆಂಬರ್ 5ರಂದು ಕಣ್ಣು ಮುಚ್ಚಿದರು. ವಯಸ್ಸು ಇನ್ನೂ 48. ಮೆಡಿಚಿ ಅರಸರು ಅವರ ದೇಹವನ್ನು ಫ್ಲಾರೆನ್ಸಿಗೆ ತರಿಸಿ ಸಂತ ಲೊರೆನ್ಸೊ ದೇವಾಲಯದಲ್ಲಿ ಸಮಾಧಿ ಮಾಡಿಸಿದರು. ಜಗದ್ಗುರು ಎರಡನೆಯ ಜಾನ್ ಪಾಲರು 1988ರ ಅಕ್ಟೋಬರ್ 23ರಂದು ಅವರನ್ನು ಪುನೀತರೆಂದು ಸಾರಿದರು. ಡಿಸೆಂಬರ್ 5 ಅವರ ಸ್ಮರಣೆಯ ದಿನ.

ವಿಜ್ಞಾನ ಓದಿದರೆ ಮಕ್ಕಳ ವಿಶ್ವಾಸ ಕೆಡುತ್ತದೆಂದು ಅಂಜುವ ತಂದೆತಾಯಿಗಳು ನಮ್ಮಲ್ಲಿ ಇದ್ದಾರೆ. ವಿಶ್ವಾಸವಿರುವವನು ಪ್ರಶ್ನೆ ಕೇಳಲಾರ ಎಂದು ನಗುವ ಮಕ್ಕಳೂ ಇದ್ದಾರೆ. ಸ್ಟೆನೊ ಇಬ್ಬರಿಗೂ ಉತ್ತರವಾಗಿದ್ದಾರೆ. ಅವರು ಕಂಡದ್ದನ್ನು ಕಂಡಂತೆ ಹೇಳಿದರು, ಕಾಣದ್ದನ್ನು ಕಂಡೆನೆನ್ನಲಿಲ್ಲ, ಕಂಡ ಮೇಲೆ ಅದರಂತೆ ನಡೆದರು.

ಇಂದು ರಾತ್ರಿ ಮನೆಯವರೆಲ್ಲ ಕುಳಿತು ಊಟಕ್ಕೆ ಮುನ್ನ ಶಿಲುಬೆ ಗುರುತು ಹಾಕಿಕೊಳ್ಳುವಾಗ ಮಕ್ಕಳ ಬೆರಳನ್ನು ಅವರ ಕೆನ್ನೆಯ ಮೇಲಿರಿಸಿ. ಮೊದಲ ತುತ್ತಿಗೆ ಎಂಟು ಸ್ನಾಯುಗಳೂ ಎರಡು ಕೀಲುಗಳೂ ಎರಡು ಪುಟ್ಟ ನಾಲೆಗಳೂ ಹೇಗೆ ಒಟ್ಟಾಗಿ ಎದ್ದು ನಿಲ್ಲುತ್ತವೆ ಎಂದು ತೋರಿಸಿ. ಆಮೇಲೆ ಆ ನಾಲೆಗೆ ಹೆಸರು ಕೊಟ್ಟವರ ಕಥೆ ಹೇಳಿ. ನೆರೆಮನೆಯಲ್ಲಿ ಈ ಹೊತ್ತು ಒಲೆ ಹೊತ್ತಿದೆಯೇ ಎಂದು ಒಮ್ಮೆ ನೋಡಿ ಬರಲು ಅವರನ್ನೇ ಕಳಿಸಿ.